ಕಿಟಕಿ ರಾಣಿಗೆ ಮೂರು ಅಂಕ

ಕಿಟಕಿ ರಾಣಿಗೆ ಒಂದೇ ಒಂದು ಮಾತೂ ಇಲ್ಲವೆಂದು ಗೊತ್ತಾದ ದಿನ ನನಗೆ ಅನ್ನ ಸೇರಲಿಲ್ಲ. ಈಗ ನಾನು ಮೈಸೂರಿನಲ್ಲಿ ಕೂತು ಕಾರ್ಟೂನ್ ಸರಣಿಗಳಿಗೆ ಕನ್ನಡದ ಮಾತು ಬರೆಯುತ್ತೇನೆ. ಹೊಟ್ಟೆಪಾಡಿನ ಕೆಲಸ, ಆದರೂ ಇಷ್ಟಪಟ್ಟು ಮಾಡುವ ಕೆಲಸ. ನಾವು ಚಿಕ್ಕವರಿದ್ದಾಗ ಕಾರ್ಟೂನುಗಳು ಕನ್ನಡ ಆಡುತ್ತಿರಲಿಲ್ಲ. ಹಿಂದಿಯಲ್ಲಿ ಬಂದರೆ ಹಿಂದಿಯಲ್ಲೇ ನೋಡಬೇಕು, ಅರ್ಥವಾದರೆ ನಮ್ಮ ಪುಣ್ಯ. ಹೋದ ವರ್ಷ ಸ್ಟುಡಿಯೋದವರು ಒಂದು ಹಳೆಯ ಸರಣಿಯನ್ನು ಕಳಿಸಿಕೊಟ್ಟರು. ಮೊದಲ ಕಂತು ತೆರೆದವಳು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಟಿ. ನರಸೀಪುರದ ನಮ್ಮ ಮನೆಯಲ್ಲಿ ಎರಡು ವರ್ಷ ದಿನಾ ಸಂಜೆ ಐದಕ್ಕೆ ನಾನು ನೋಡಿದ ಸರಣಿ ಅದು. ಅದೇ ಏಳು ದ್ವೀಪಗಳು, ಅದೇ ಕೆಂಚು ಕೂದಲಿನ ಹುಡುಗ, ಅದೇ ಕಲ್ಲಿನ ಗೋಪುರ, ಗೋಪುರದ ಕಿಟಕಿಯಲ್ಲಿ ನೀಲಿ ಬಟ್ಟೆ ತೊಟ್ಟು ನಿಂತ ಅದೇ ಹೆಂಗಸು. ನಾವು ಅವಳನ್ನು ಕಿಟಕಿ ರಾಣಿ ಎನ್ನುತ್ತಿದ್ದೆವು. ನನ್ನ ಬಾಲ್ಯದಲ್ಲಿ ನನ್ನಿಂದ ಅತಿ ಹೆಚ್ಚು ಬೈಸಿಕೊಂಡ ಪಾತ್ರ ಅವಳೇ. ಮೊದಲು ಅವಳ ಮಾತುಗಳನ್ನೇ ಬರೆಯೋಣವೆಂದು ಆಸೆಯಿಂದ ಎಲ್ಲ ಕಂತುಗಳ ಸಂಭಾಷಣೆಯ ಹಾಳೆಗಳನ್ನೂ ತಿರುವಿದೆ. ಮಾತು ಹಾಗಿರಲಿ, ಅವಳಿಗೆ ಹೆಸರೂ ಇರಲಿಲ್ಲ. ಹಾಳೆ ಕಳೆದುಹೋಗಿರಬೇಕೆಂದು ಡಬ್ಬಿಂಗ್ ನಿರ್ದೇಶಕನಿಗೆ ಫೋನ್ ಮಾಡಿದೆ.

“ಯಾವ ರಾಣಿ ಮೇಡಂ? ಅದು ಊರು ತೋರಿಸೋಕೆ ಇಟ್ಟಿರೋ ಚಿತ್ರ. ಹೊಸದು ಬರೆಯೋಕೆ ಖರ್ಚು ಅಂತ ಪ್ರತಿ ಎಪಿಸೋಡಲ್ಲೂ ಅದನ್ನೇ ಹಾಕಿದ್ದಾರೆ. ಆಯಮ್ಮನಿಗೆ ಕಥೇನೇ ಇಲ್ಲ.”

ಗಂಡನ ಕೋಟೆ ಬಿಟ್ಟು ಬಂದವಳು, ಅಣ್ಣನ ಗೋಪುರದಲ್ಲಿ ಉಳಿದವಳು, ಗಂಡ ಕರೆದಾಗ ಹೋಗಲೂ ಆಗದೆ ಇರಲೂ ಆಗದೆ ಕಿಟಕಿಯಲ್ಲಿ ನಿಂತವಳು. ಇದೆಲ್ಲ ನನಗೆ ಹೇಳಿದ್ದು ಅಪ್ಪನ ತಂಗಿ, ಗಿರಿಜತ್ತೆ. ಹಾಗಾದರೆ ಎರಡು ವರ್ಷ ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದು ಯಾರ ಕಥೆ? ಕೇಳಿಕೊಳ್ಳುವ ಮೊದಲೇ ಉತ್ತರ ಗೊತ್ತಾಗಿತ್ತು. ಅವತ್ತು ಮತ್ತೆ ಆ ಹಾಳೆಗಳನ್ನು ಮುಟ್ಟಲಿಲ್ಲ. ಯಾಕೆಂದರೆ ಆ ಕಥೆಗೆ ಕೊನೆ ಹೇಳಿದವಳು ನಾನು.

ಕಿವಿಯಲ್ಲಿ ಎಂದೆನಲ್ಲ, ನಮ್ಮ ಮನೆಯಲ್ಲಿ ಮಾತಿಗೆ ಬೇರೆ ದಾರಿಯೇ ಇರಲಿಲ್ಲ. ಬೀದಿಗೆ ತೆರೆದ ಮುಂಭಾಗದಲ್ಲಿ ಅಪ್ಪನ ಹಿಟ್ಟಿನ ಗಿರಣಿ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಬಚ್ಚಲು, ಹಿತ್ತಲು. ಕರೆಂಟು ಇದ್ದಷ್ಟು ಹೊತ್ತೂ ಬೆಲ್ಟು ಪಟಪಟ ಬಡಿದುಕೊಳ್ಳುತ್ತ ಕಲ್ಲು ತಿರುಗುತ್ತಿತ್ತು. ಅಮ್ಮ ಊಟಕ್ಕೆ ಕೂಗುತ್ತಿರಲಿಲ್ಲ, ಬಂದು ಭುಜ ಮುಟ್ಟುತ್ತಿದ್ದಳು. ಜಗಳವಾಡುವವರು ಕರೆಂಟು ಹೋಗುವವರೆಗೆ ಕಾಯುತ್ತಿದ್ದರು. ಅಮ್ಮನಿಗೂ ಅಜ್ಜಿಗೂ ಬೆಳಿಗ್ಗೆ ಹುಟ್ಟಿದ ಜಗಳ ಮಧ್ಯಾಹ್ನ ಕರೆಂಟು ಹೋದ ಮೇಲೆ ಶುರುವಾಗಿ, ಕರೆಂಟು ಬಂದ ಕೂಡಲೇ ಅರ್ಧಕ್ಕೆ ನಿಂತು, ಮರುದಿನ ಅದೇ ಮಾತಿನಿಂದ ಮುಂದುವರಿಯುತ್ತಿತ್ತು. ಧಾರಾವಾಹಿ ಎಂದರೇನೆಂದು ನಾನು ಟಿವಿಗಿಂತ ಮೊದಲು ಇವರಿಬ್ಬರಿಂದ ಕಲಿತೆ. ಇನ್ನು ಹಿಟ್ಟು. ದೇವರ ಜಗಲಿಯ ಮೇಲೆ, ಅಜ್ಜಿಯ ವಿಭೂತಿ ಗಟ್ಟಿಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ, ಟಿವಿಯ ಗಾಜಿನ ಮೇಲೆ, ಎಲ್ಲೆಲ್ಲೂ ತೆಳ್ಳಗೆ ಹಿಟ್ಟು. ನಮ್ಮ ಟಿವಿಯೊಳಗಿನ ಜನ ಯಾವಾಗಲೂ ಮಂಜಿನಲ್ಲೇ ಬದುಕುತ್ತಿದ್ದರು. ಖಾರದಪುಡಿ ಮಾಡುವ ದಿನ ಮನೆಮಂದಿಯೆಲ್ಲ ಸೀನುತ್ತಲೇ ಮುದ್ದೆ ಉಪ್ಸಾರು ಉಣ್ಣುತ್ತಿದ್ದೆವು.

ಗಿರಿಜತ್ತೆ ಒಂದು ಗೌರಿ ಹಬ್ಬಕ್ಕೆ ತವರಿಗೆ ಬಂದವಳು ವಾಪಸು ಹೋಗಲಿಲ್ಲ. ಅವಳನ್ನು ಕೊಟ್ಟಿದ್ದು ಬಿಳಿಗೆರೆಗೆ. ಅವಳ ಗಂಡ, ನನ್ನ ಮಾವ, ನಂಜನಗೂಡಿನಲ್ಲಿ ಬಾಳೆಕಾಯಿ ಮಂಡಿ ಇಟ್ಟುಕೊಂಡಿದ್ದರು. ಬೆಳಿಗ್ಗೆ ಹೋದರೆ ಸಂಜೆ ಮನೆಗೆ ಬರುವವರು. ಕುಡಿತವಿಲ್ಲ, ಇಸ್ಪೀಟಿಲ್ಲ, ಸಂಜೆ ಬರುವಾಗ ಕೈಯಲ್ಲಿ ಹೂವಿನ ಪೊಟ್ಟಣ. ಅತ್ತೆ ಯಾಕೆ ಹೋಗಲಿಲ್ಲವೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ಇದ್ದರೆ ನನಗೆ ಲಾಭ. ಜಡೆ ಹಾಕುತ್ತಿದ್ದಳು, ಅವರೆಕಾಯಿ ಸುಲಿಯುವಾಗ ನನ್ನ ಪಾಲಿನದನ್ನೂ ಸುಲಿದುಬಿಡುತ್ತಿದ್ದಳು. ಒಂದೇ ಒಂದು ವಿಚಿತ್ರವಿತ್ತು. ಬಚ್ಚಲಿಗೆ ಹೋದರೆ ಬಾಗಿಲು ಹಾಕುತ್ತಿರಲಿಲ್ಲ, ಅಡ್ಡಲಾಗಿ ಒಂದು ಹಳೆಯ ಸೀರೆ ಇಳಿಬಿಡುತ್ತಿದ್ದಳು. ಅಮ್ಮನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ.

“ಗಿರಾಕಿಗಳು ಓಡಾಡೋ ಮನೆ ಕಣವ್ವ. ಬಾಗಿಲು ಆಕ್ಕೊಂಡ್ರೆ ನಿನ್ ಗಂಟೇನ್ ಓಯ್ತದೆ?”

“ಸೆಕೆ ಅತ್ಗೆ,” ಎನ್ನುತ್ತಿದ್ದಳು ಅತ್ತೆ, ಮಾರ್ಗಶಿರದ ಚಳಿಯಲ್ಲೂ.

ನಮ್ಮ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ಅದಿಲ್ಲದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಅಜ್ಜಿಗೆ ಓದು ಬರದು. ಶ್ರಾವಣ ಮಾಸ ಪೂರ್ತಿ, ಪೂಜೆ ಮುಗಿದ ಮೇಲೆ, ಅತ್ತೆ ಅವಳಿಗೆ ಶರಣರ ಪುರಾಣ ಓದಬೇಕು. ಒಂದು ಪದ್ಯ ಓದುವುದು, ನಿಲ್ಲಿಸುವುದು, ‘ಅಂದ್ರೇನಪ್ಪಾ ಅಂದ್ರೆ’ ಎಂದು ಶುರುಮಾಡಿ ಅರ್ಥ ಹೇಳುವುದು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಭಕ್ತಿಯಿಂದ ಎಂದುಕೊಂಡರೆ ತಪ್ಪು. ಎಲ್ಲಿ ಹಿಡಿಯಲಿ ಎಂದು ಕಾಯುತ್ತಿದ್ದಳು. ಇದ್ದಕ್ಕಿದ್ದಂತೆ ಬೆರಳೆತ್ತುವಳು.

“ತಡಿ. ನೆನ್ನೆ ತಾನೆ ರಾಜ ಅಷ್ಟು ಕ್ವಾಪದಲ್ಲಿದ್ದ. ಇವತ್ತು ಬಂದು ಕಾಲಿಗ್ ಬಿದ್ದ ಅಂತೀಯೆ. ಮದ್ಯದಲ್ಲಿ ಏನಾಯ್ತು?”

“ಅದು ಪುಸ್ತಕದಲ್ಲಿ ಇಲ್ಲ ಕಣವ್ವ.”

“ಪುಸ್ತಕದಲ್ಲಿ ಇಲ್ದಿದ್ರೆ ನೀನ್ ಯೋಳು. ಅರ್ಥ ಯೋಳೋಳು ನೀನಲ್ವಾ?”

ಅತ್ತೆ ಹೇಳುತ್ತಿದ್ದಳು. ರಾಜನಿಗೆ ಆ ರಾತ್ರಿ ಜ್ವರ ಬಂತು, ರಾಣಿ ಗಂಜಿ ಕುಡಿಸಲಿಲ್ಲ, ಆಗ ಅವನಿಗೆ ಬುದ್ಧಿ ಬಂತು. ಅಜ್ಜಿ ಒಪ್ಪಿದರೆ ಕಥೆ ಮುಂದಕ್ಕೆ, ಒಪ್ಪದಿದ್ದರೆ ಇನ್ನೊಂದು ಕಾರಣ. ಪುಸ್ತಕ ಬಿಟ್ಟ ಜಾಗವನ್ನು ಅರ್ಥ ಹೇಳುವವರು ತುಂಬಿಕೊಡಬೇಕು, ಕೇಳುವವರು ಸುಮ್ಮನೆ ನಂಬಬಾರದು ಎಂಬುದು ನಮ್ಮ ಮನೆಯ ಕಾನೂನು. ನಾನು ಇವತ್ತು ಯಾವ ಬರಹ ಕೊಟ್ಟರೂ ಮೊದಲು ತಪ್ಪು ಹುಡುಕುತ್ತೇನೆಂದು ನನ್ನ ಜೊತೆ ಕೆಲಸ ಮಾಡುವವರು ಗೊಣಗುತ್ತಾರೆ. ಅವರು ನಮ್ಮಜ್ಜಿಯನ್ನು ನೋಡಿಲ್ಲ.

ಕೇಬಲ್ಲು ಬಂದ ವರ್ಷವೇ ಆ ಕಾರ್ಟೂನೂ ಬಂತು. ಸಂಜೆ ಐದು ಗಿರಣಿಗೆ ಜನ ಜಾಸ್ತಿಯಾಗುವ ಹೊತ್ತು. ಟಿವಿಯ ದನಿಯನ್ನು ಎಷ್ಟು ಏರಿಸಿದರೂ ಒಂದಕ್ಷರ ಕೇಳಿಸದು, ಕೇಳಿಸಿದರೂ ಅದು ಹಿಂದಿ. ಅತ್ತೆ ಪಕ್ಕದಲ್ಲಿ ಕೂತು, ಸೆರಗಿನಿಂದ ಗಾಜಿನ ಹಿಟ್ಟು ಒರೆಸಿ, ನನ್ನ ಕಿವಿಗೆ ಬಾಯಿಟ್ಟು ಶುರುಮಾಡುತ್ತಿದ್ದಳು: ‘ಅಂದ್ರೇನಪ್ಪಾ ಅಂದ್ರೆ...’ ಅವಳು ಓದಿದ್ದು ಏಳನೇ ಕ್ಲಾಸು. ಅವಳಿಗೆ ಹಿಂದಿ ಎಲ್ಲಿಂದ ಬಂತೆಂದು ಒಂದು ದಿನವೂ ನನಗೆ ಹೊಳೆಯಲಿಲ್ಲ. ಅರ್ಧದಲ್ಲಿ ಕರೆಂಟು ಹೋದರೆ ಗಿರಣಿಯೂ ಟಿವಿಯೂ ಒಟ್ಟಿಗೆ ಸಾಯುತ್ತಿದ್ದವು, ಅತ್ತೆ ಮಾತ್ರ ನಿಲ್ಲಿಸುತ್ತಿರಲಿಲ್ಲ. ಕಪ್ಪು ಗಾಜನ್ನು ನೋಡುತ್ತ ಉಳಿದರ್ಧ ಹೇಳಿ ಮುಗಿಸುತ್ತಿದ್ದಳು. ನನಗೆ ಅದರಲ್ಲೂ ಏನೂ ಅತಿಶಯ ಕಾಣಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುವವಳು ಟಿವಿಯಲ್ಲಿ ಇಲ್ಲದ್ದನ್ನು ಹೇಳಲಾರಳೇ?

ಅಜ್ಜಿಯ ಹಾಗೆ ಬೆರಳೆತ್ತುವುದು ಸಾಲದೆಂದು ನಾನು ಒಂದು ಪುಸ್ತಕ ಮಾಡಿದೆ. ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನು ಹೊಲಿದು, ನಮ್ಮ ಮೇಷ್ಟ್ರಂತೆ ಕೆಂಪು ಪೆನ್ನು ಹಿಡಿದು, ಪ್ರತಿ ಪಾತ್ರಕ್ಕೂ ಹತ್ತಕ್ಕೆ ಇಷ್ಟು ಅಂಕ ಎಂದು ಹಾಕಿ ಪಕ್ಕದಲ್ಲಿ ಕಾರಣ ಬರೆಯುತ್ತಿದ್ದೆ. ಕೆಂಚು ಕೂದಲಿನ ಹುಡುಗನಿಗೆ ಐದು: ‘ನಾಲ್ಕು ಸಲ ಸತ್ತು ಎದ್ದಿದ್ದಾನೆ. ಇನ್ನು ಸತ್ತರೆ ಅಳುವುದಿಲ್ಲ.’ ಕಡಲುಗಳ್ಳರ ನಾಯಕನಿಗೆ ಎರಡು: ‘ಒಂದು ಮಗು ಅತ್ತಿದ್ದಕ್ಕೆ ಒಳ್ಳೆಯವನಾದ. ಹಾಗಿದ್ದರೆ ನಮ್ಮ ಶಾಲೆಯಲ್ಲಿ ಎಲ್ಲರೂ ಎಂದೋ ಒಳ್ಳೆಯವರಾಗಬೇಕಿತ್ತು.’ ಸೋಮವಾರ ಬಿಟ್ಟ ಬಾಣವೊಂದು ಬುಧವಾರ ತಲುಪಿದ್ದಕ್ಕೆ ಇಡೀ ವಾರಕ್ಕೆ ಸೊನ್ನೆ ಕೊಟ್ಟಿದ್ದೆ. ಈ ಮಾತುಗಳನ್ನು ನಾನು ಈಗಲೂ ಬದಲಾಯಿಸುವುದಿಲ್ಲ. ಆ ಸರಣಿ ನಿಜವಾಗಿಯೂ ಎಳೆಯುತ್ತಿತ್ತು, ಪಾತ್ರಗಳಿಗೆ ಬೆನ್ನೆಲುಬಿರಲಿಲ್ಲ. ಅತ್ತೆಗೆ ಈ ಪುಸ್ತಕದ ಮೇಲೆ ಭಾರಿ ಆಸಕ್ತಿ. ದಿನಾ ಕೇಳಿ ತಿಳಿದುಕೊಳ್ಳುತ್ತಿದ್ದಳು. ಕಿಟಕಿ ರಾಣಿಯ ವಿಷಯ ಬಂದಾಗ ಮಾತ್ರ ವಾದಕ್ಕೇ ನಿಲ್ಲುತ್ತಿದ್ದಳು.

“ಅವಳ್ಗಂಡ ಏನ್ ಮಾಡ್ದ ಅಂತ ಅವಳು ಕ್ವಾಟೆ ಬಿಟ್ ಬಂದ್ಲು?” ಎಂದು ನಾನೊಮ್ಮೆ ಕೇಳಿದೆ.

“ಒತ್ತಾರೆ ಬೇಟೆಗ್ ಓಗೋವಾಗ ಒರಗಿಂದ ಬೀಗ ಆಕ್ಕೊಂಡ್ ಓಗೋನು. ಬೈಗಿಗೆ ಬಂದು ತಗಿಯೋನು.”

“ಅಷ್ಟೇಯಾ? ಒಡಿಯಲ್ವ?”

“ಇಲ್ಲ. ಹೂವ ತರೋನು.”

“ಥೂ, ಇವನೆಂಥಾ ಕೆಟ್ಟೋನು! ಕತ್ತಿ ಇಲ್ಲ, ಏನಿಲ್ಲ, ಬರೀ ಬೀಗ. ಇವನ್ಗೆ ಯಾರ್ ಎದ್ರುಕೋತಾರೆ?”

ಅವನಿಗೆ ಒಂದು ಅಂಕ ಹಾಕಿದೆ. ‘ಹೆದರಿಕೆ ಆಗುವುದಿಲ್ಲ’ ಎಂದು ಬರೆದೆ. ಅತ್ತೆ ಅದನ್ನು ಓದಿ, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಇನ್ನೊಂದು ಸಲ ಓದಿದಳು. ಆಮೇಲೆ ಅಡುಗೆಮನೆಗೆ ಹೋಗಿ ರಾಗಿ ಹಿಟ್ಟು ಜರಡಿ ಹಿಡಿಯುತ್ತ ಕೂತಳು.

ಅತ್ತೆ ಬಂದ ಮೇಲಿನ ಎರಡನೇ ಗೌರಿ ಹಬ್ಬವೂ ಕಳೆದು, ಅವರೆಕಾಯಿಯ ಕಾಲಕ್ಕೆ ಬಿಳಿಗೆರೆಯಿಂದ ನಾಲ್ಕು ಜನ ಹಿರಿಯರು ಬಂದರು. ಅವರ ಹಿಂದೆ ಮಾವ, ಬಿಳಿ ಪಂಚೆ, ಕೈಯಲ್ಲೊಂದು ಬಾಳೆಗೊನೆ. ಅವತ್ತು ಲೈನು ರಿಪೇರಿಯೆಂದು ಬೆಳಿಗ್ಗೆಯಿಂದಲೇ ಕರೆಂಟಿರಲಿಲ್ಲ. ಕಲ್ಲು ನಿಂತ ಮನೆಯಲ್ಲಿ ಪಿಸುಮಾತೂ ಹಿತ್ತಲವರೆಗೆ ಕೇಳಿಸುತ್ತಿತ್ತು. ಅತ್ತೆಯೂ ನಾನೂ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಒಳಗಿನಿಂದ ಒಬ್ಬ ಹಿರಿಯರ ದನಿ ಬಂತು.

“ಒಡದ್ನಾ? ಇಲ್ಲ. ಕುಡದ್ನಾ? ಇಲ್ಲ. ಹೂವಿನಂಗೆ ಮಡಿಕಂಡವ್ನೆ ಕಣ್ರಪ್ಪಾ. ಇನ್ನೇನ್ ಮಾಡ್ಬೇಕು ಅವ್ನು?”

ಅದಕ್ಕೆ ಅಪ್ಪ ಏನೂ ಅನ್ನಲಿಲ್ಲ. ಅಜ್ಜಿ, ರಾಜನ ಕೋಪ ಎಲ್ಲಿ ಹೋಯಿತೆಂದು ಬೆರಳೆತ್ತಿ ಕೇಳುತ್ತಿದ್ದ ನಮ್ಮಜ್ಜಿ, ಅವಳೂ ಏನೂ ಕೇಳಲಿಲ್ಲ. ಅತ್ತೆ ಕಾಯಿ ಸುಲಿಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ತಗ್ಗಿದ ದನಿಯಲ್ಲಿ ಶುರುಮಾಡಿದಳು.

“ಅಂದ್ರೇನಪ್ಪಾ ಅಂದ್ರೆ... ಕಿಟಕಿ ರಾಣಿ ಗಂಡ ಬಂದವ್ನೆ. ಗ್ವಾಪುರದ ಕೆಳಗ್ ನಿಂತವ್ನೆ. ತಪ್ಪಾಯ್ತು, ಬಾ ಅಂತಾವ್ನೆ.”

“ಕರೆಂಟೇ ಇಲ್ಲ. ನಿನಗೆಂಗ್ ಗೊತ್ತು?”

“ಮುಂದಿನ ವಾರದ್ದು ನೆನ್ನೆ ಒಂಚೂರು ತೋರ್ಸುದ್ರು ಕಣಮ್ಮಿ. ನೀನ್ ನೀರ್ ಕುಡಿಯಕ್ ಓಗಿದ್ದೆ. ಯೋಳು, ರಾಣಿ ಏನ್ ಮಾಡ್ಬೇಕು?”

ನನಗೆ ಆಗ ಹತ್ತು ವರ್ಷ. ಎರಡು ವರ್ಷದಿಂದ ಅದೇ ಗೋಪುರ, ಅದೇ ಕಿಟಕಿ, ಅದೇ ನೀಲಿ ಬಟ್ಟೆ ನೋಡಿ ಸಾಕಾಗಿತ್ತು.

“ಓಗ್ಲಿ ಬುಡು,” ಎಂದೆ. “ಎಷ್ಟ್ ದಿಸ ಅಂತ ಅದೇ ಕಿಟಕೀಲಿ ನಿಂತಿರ್ತಾಳೆ? ಕತೆ ಮುಂದ್ಕೇ ಓಗಲ್ಲ. ಬೋರು.”

“ಅವ್ನು ಬದ್ಲಾಗಿಲ್ದಿದ್ರೆ?”

“ಆಗ್ಲಿ ಬುಡ್ಲಿ, ಏನಾರ ಒಂದ್ ನಡೀತದಲ್ಲ!”

ಅತ್ತೆ ಜೋರಾಗಿ ನಕ್ಕಳು. ಒಳಗಿದ್ದವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸಿದ್ದು ನನಗೆ ನೆನಪಿದೆ. ಆಮೇಲೆ ರಾಣಿಗೆ ಎಷ್ಟು ಅಂಕ ಹಾಕಿದ್ದೀಯೆಂದು ಕೇಳಿದಳು. ನಾನು ಓಡಿಹೋಗಿ ಪುಸ್ತಕ ತಂದು ತೋರಿಸಿದೆ. ಮೂರು. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ, ‘ಏನೂ ಮಾಡುವುದಿಲ್ಲ.’ ಅತ್ತೆ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದು ನಡುಮನೆಗೆ ಹೋದಳು. ಮರುದಿನ ಬೆಳಿಗ್ಗೆ ಅಜ್ಜಿ ಮಡಿಲು ತುಂಬಿದಳು, ಅಮ್ಮ ಕಣ್ಣು ಒರೆಸಿಕೊಂಡಳು, ಅಪ್ಪ ಗಿರಣಿ ನಿಲ್ಲಿಸದೆ ಅಲ್ಲಿಂದಲೇ ಕೈಯೆತ್ತಿದ. ಅತ್ತೆಯ ಟ್ರಂಕು ಬಸ್ಸು ಹತ್ತಿತು. ನನಗೆ ಬಹಳ ದುಃಖವಾಯಿತು, ಹೆಚ್ಚಾಗಿ ನನಗಾಗಿಯೇ. ಇನ್ನು ಕಾರ್ಟೂನಿಗೆ ಅರ್ಥ ಹೇಳುವವರು ಯಾರು? ನಾಲ್ಕು ದಿನ ಒಬ್ಬಳೇ ನೋಡಿದೆ. ಏನೂ ತಿಳಿಯಲಿಲ್ಲ, ಬಿಟ್ಟೆ. ಅದೇ ವಾರ ಅಪ್ಪ ಗಿರಣಿ ಕಲ್ಲು ಸವೆದಿದೆಯೆಂದು ಕೆತ್ತಲು ಕೂತರೆ ಉಳಿ ಸಿಗಲಿಲ್ಲ. ಮನೆಯೆಲ್ಲ ತಡಕಾಡಿ, ಎಲ್ಲರನ್ನೂ ಬೈದು, ಕೊನೆಗೆ ಹೊಸದು ತಂದ. ಅತ್ತೆ ಆಮೇಲೆ ನಮ್ಮ ಮನೆಗೆ ಹಬ್ಬಕ್ಕೆ ಬರಲಿಲ್ಲ. ಮದುವೆಗಳಿಗೆ ಬಂದರೂ ಅಕ್ಷತೆ ಹಾಕಿ ಅದೇ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಗಂಡನ ಮನೆ ಸೇರಿದ ಮೇಲೆ ಗಿರಿಜೆಗೆ ತವರು ಬೇಡವಾಯಿತು, ಸೊಕ್ಕು ಬಂತು ಎಂದು ಅಮ್ಮ ಅನ್ನುತ್ತಿದ್ದಳು. ನಾನೂ ಹಾಗೇ ನಂಬಿದ್ದೆ.

ನಿರ್ದೇಶಕನ ಫೋನಿನ ಮರುದಿನ ಅಪ್ಪನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಆಗ ಅತ್ತೆ ಗಂಡನ ಮನೆ ಬಿಟ್ಟು ಬಂದದ್ದೇಕೆ? ಅಪ್ಪ ಹೇಳಿಬಿಟ್ಟ.

“ಬೀಗ ಆಕ್ಕೊಂಡ್ ಓಯ್ತಿದ್ದ ಕಣವ್ವ. ಕಾಲ ಕೆಟ್ಟದೆ ಅಂತ. ಅಷ್ಟೇಯ.”

ಆ ‘ಅಷ್ಟೇಯ’ ಕೇಳಿದೊಡನೆ ಗುರುತು ಸಿಕ್ಕಿತು. ಅದು ನನ್ನ ಮಾತು. ಹತ್ತು ವರ್ಷದ ನಾನು ಆಡಿದ್ದನ್ನೇ ಎಪ್ಪತ್ತು ದಾಟಿದ ಅಪ್ಪ ಇನ್ನೂ ಆಡುತ್ತಿದ್ದಾನೆ. ಬೇಕಾದವರೆಲ್ಲ ಒಳಗೆ ಕೂತಿದ್ದಾಗ, ಕೇಳಲು ಯಾರೂ ಇಲ್ಲದವಳು ಹಿತ್ತಲಲ್ಲಿ ನನ್ನನ್ನು ಕೇಳಿದ್ದಳು. ನಾನು ಬೋರು ಎಂದಿದ್ದೆ. ಅವತ್ತೇ ನಂಜನಗೂಡಿಗೆ ಹೋಗಿ ಅಲ್ಲಿಂದ ಬಿಳಿಗೆರೆ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆಯುತ್ತ, ಹೊಡೆದುಹಾಕುತ್ತ ಹೋದೆ. ಮಾತು ಬರೆಯುವುದೇ ನನ್ನ ಕಸುಬು, ಆದರೂ ಒಂದು ಸಾಲು ಹೊಂದಲಿಲ್ಲ.

ಮಾವ ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಎಲ್ಲರ ಮಾವಂದಿರ ಹಾಗೇ ಇದ್ದರು. ‘ಬಾವ್ವ’ ಎಂದು ಒಂದು ಚಿಪ್ಪು ಬಾಳೆಹಣ್ಣು ಮುಂದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಎತ್ತಲೋ ಹೋದರು. ಅತ್ತೆಗೆ ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಸ್ಟುಡಿಯೋದ ಕಥೆ ಹೇಳಿದೆ. ಕಿಟಕಿ ರಾಣಿಗೆ ಮಾತೇ ಇಲ್ಲವಂತೆ ಎಂದಾಗ ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು.

“ಇಷ್ಟ್ ದಿನಕ್ ಸಿಕ್ಕಾಕ್ಕೊಂಡ್ನಾ? ನನ್ಗೆಲ್ಲಿ ಹಿಂದಿ ಬತ್ತದೆ ಮಗಾ!”

“ನಾನು ಓಗ್ಲಿ ಅಂದಿದ್ದಕ್ಕೆ ನೀನು ಬಂದ್ಯಾ ಅತ್ತೆ?” ಎಂದು ಕೇಳಿಯೇಬಿಟ್ಟೆ.

“ಓಗ್ಲಿ ಅಂತ ಎಲ್ರೂ ಅಂದ್ರು. ಅದಕ್ಕಲ್ಲ. ಏನೂ ಮಾಡಲ್ಲ ಅಂತ ಬರ್ದಿದ್ದೆ ನೋಡು, ಅದು ಚುಚ್ಚುಬುಡ್ತು.”

ಅವಳು ಎದ್ದು ಬಾಗಿಲ ಹತ್ತಿರ ಹೋಗಿ ಹೊರಮೈ ತೋರಿಸಿದಳು. ಚಿಲಕ ಇರಬೇಕಾದ ಜಾಗದಲ್ಲಿ ಚಿಲಕವಿರಲಿಲ್ಲ. ಮರ ನಾಲ್ಕು ಕಡೆ ಕಿತ್ತುಬಂದು ಗಾಯವಾಗಿ, ಆ ಗಾಯಗಳು ಹಳೆಯವಾಗಿ ಕಪ್ಪಾಗಿದ್ದವು. ಬಂದ ದಿನವೇ ಕಿತ್ತಳಂತೆ. ಮಾವ ಇನ್ನೊಂದು ಹಾಕಿಸಿದರಂತೆ. ಅದನ್ನೂ ಕಿತ್ತಳಂತೆ.

“ನಾಕ್ ಸಲ ಕಿತ್ತೆ. ನಮ್ಮಣ್ಣನ್ ಉಳಿ ಗಟ್ಟಿ ಕಣಮ್ಮಿ, ಇನ್ನೂ ಮಡಗಿವ್ನಿ. ನಾಕನೇ ಸಲಕ್ಕೆ ಅವ್ರು ಸುಮ್ನಾದ್ರು. ಒಂದೇ ದಿನಕ್ ಬದ್ಲಾದ ಅಂದ್ರೆ ನೀನ್ ನಂಬ್ತಿದ್ಯಾ? ಮಾರ್ಕು ಕೊಡ್ತಿದ್ಯಾ?”

“ಎಷ್ಟ್ ದಿಸ ಹಿಡೀತು?”

“ಅನ್ನೊಂದ್ ವರ್ಸ.”

ನಾನು ಬಾಳೆಹಣ್ಣಿನ ಸಿಪ್ಪೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಬಾಣವೊಂದು ಮೂರು ದಿನ ತೆಗೆದುಕೊಂಡಿತೆಂದು ಸೊನ್ನೆ ಹಾಕಿದವಳು ನಾನು. ನಮ್ಮ ಮನೆಗೆ ಬಾ ಅತ್ತೆ, ಈ ಸಲ ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಂತೆ ಬಾ, ಈಗಲಾದರೂ ಬಾ ಎಂದೆ. ಅತ್ತೆ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

“ಚಿಲಕಾನೇ ಇಲ್ದಿರೋ ಮನೆ. ಬೀಗ ಎಲ್ಲಿಗ್ ಆಕ್ಲಿ? ಅವ್ರು ಮಂಡಿಗ್ ಓದ್ರೆ ಯಾರಾರ ಒಬ್ರು ಇರ್ಬೇಕಲ್ಲ ಮಗಾ. ಎಲ್ಲಿಗ್ ಬರಾನ ನಾನು?”

ಅವಳು ಅದನ್ನು ದುಃಖದಿಂದ ಹೇಳಲಿಲ್ಲ, ಅನ್ನಕ್ಕೆ ಎಸರಿಡಬೇಕು ಎನ್ನುವಷ್ಟು ಸಹಜವಾಗಿ ಹೇಳಿದಳು. ಇಷ್ಟು ವರ್ಷ ಅವಳು ಹಬ್ಬಕ್ಕೆ ಬಾರದೆ ಇದ್ದದ್ದು, ಮದುವೆಮನೆಯಿಂದ ಅದೇ ಬಸ್ಸಿಗೆ ಓಡಿದ್ದು, ನಾವು ಸೊಕ್ಕೆಂದದ್ದು, ಎಲ್ಲಕ್ಕೂ ಒಟ್ಟಿಗೆ ಅರ್ಥ ಸಿಕ್ಕಿತು. ಊಟ ಮಾಡಿಸಿದಳು. ಅವರೆಕಾಳು ಸಾರು, ನಾಲಿಗೆಗೆ ಅದೇ ಹಳೆಯ ರುಚಿ. ಬಸ್ಸಿನ ಹೊತ್ತಾಯಿತು. ಅವಳು ನನಗೆ ಕಟ್ಟಿಕೊಡಲು ಏನೋ ತರುತ್ತೇನೆಂದು ಅಡುಗೆಮನೆಗೆ ಹೋದಳು. ನಾನು ಯಾವುದೋ ಯೋಚನೆಯಲ್ಲಿ ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ನಾಯಿಯೊಂದು ಒಳಗೆ ನುಗ್ಗುವಂತಿತ್ತು. ಯಾವ ಮನೆಯಲ್ಲಾದರೂ ಮಾಡುವಂತೆ ಬಾಗಿಲನ್ನು ನನ್ನ ಹಿಂದೆ ಎಳೆದುಕೊಂಡೆ.

ಒಳಗಿನಿಂದ ಅತ್ತೆ ಚೀರಿದಳು.

“ಎಳೀಬ್ಯಾಡ! ಎಳೀಬ್ಯಾಡ!”

ಗಿರಣಿಯ ಮನೆಯಲ್ಲಿ ಬೆಳೆದ ನಾನು ಅಷ್ಟು ದೊಡ್ಡ ದನಿಯನ್ನು ಕೇಳಿರಲಿಲ್ಲ. ಬಾಗಿಲನ್ನು ಗೋಡೆಗೆ ತಾಗುವಷ್ಟು ಹಿಂದಕ್ಕೆ ತಳ್ಳಿದೆ. ಅತ್ತೆ ನಡುಮನೆಯ ನಡುವೆ ಎರಡು ಕೈಯನ್ನೂ ಮುಂದೆ ಚಾಚಿಕೊಂಡು ನಿಂತಿದ್ದಳು. ತರುತ್ತಿದ್ದ ಪೊಟ್ಟಣ ನೆಲಕ್ಕೆ ಬಿದ್ದು ಖಾರದಪುಡಿ ಅವಳ ಪಾದದ ಮೇಲೆಲ್ಲ ಚೆಲ್ಲಿತ್ತು. ಕಣ್ಣುಗಳು ನನ್ನನ್ನು ನೋಡುತ್ತಿರಲಿಲ್ಲ, ಬಾಗಿಲನ್ನು ನೋಡುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ನಾಚಿಕೊಂಡವಳಂತೆ ಕೈ ಇಳಿಸಿದಳು. “ಸೆಕೆ ಕಣಮ್ಮಿ,” ಎಂದಳು. ನಾನು ಬಾಗಿಲಿಗೆ ಒಂದು ಕಲ್ಲು ಒತ್ತುಕೊಟ್ಟು, ಅದು ಅಲ್ಲಾಡುವುದಿಲ್ಲವೆಂದು ಎರಡು ಸಲ ನೋಡಿ, ಬಸ್ಸಿಗೆ ಹೋಗದೆ ಅಲ್ಲೇ ಹೊಸ್ತಿಲ ಮೇಲೆ ಕೂತೆ.